ಪೆನ್‌ಡ್ರೈವ್‌ನಿಂದ ಐಎಸ್‌ಒ ಬೂಟ್ ಮಾಡಿದರೆ ‘ಔಟ್ ಆಫ್ ಮೆಮೊರಿ’: ರ‍್ಯಾಮ್ ಹೆಚ್ಚಿಸಬೇಕಾ?

ತೀರ್ಥಹಳ್ಳಿ (ಪ್ರಶ್ನೆ): ಲ್ಯಾಪ್‌ಟಾಪ್ 8 ಜಿಬಿ ರ‍್ಯಾಮ್, ಯುಇಎಫ್‌ಐ (ಹೊಸ ಥರದ ಬೂಟ್ ವ್ಯವಸ್ಥೆ). ಪೆನ್‌ಡ್ರೈವ್‌ನಲ್ಲಿ ಗ್ರಬ್ 2.06 (ಸಿಸ್ಟಮ್ ಶುರು ಮಾಡೋ ಬೂಟ್‌ಲೋಡರ್). ಉಬುಂಟು ಲಿನಕ್ಸ್ ಐಎಸ್‌ಒ (ಇಡೀ ಡಿಸ್ಕಿನ ಪ್ರತಿ ಇರೋ ಇಮೇಜ್ ಫೈಲ್) ಲೂಪ್‌ಬ್ಯಾಕ್ ಮಾಡಿದ್ರೆ, ಅಂದ್ರೆ ಫೈಲನ್ನೇ ಡಿಸ್ಕ್ ಥರ ತೆರೆದ್ರೆ, ‘ಎರರ್: ಔಟ್ ಆಫ್ ಮೆಮೊರಿ’. 300 ಎಂಬಿ ಇಮೇಜ್ ಸಲೀಸಾಗಿ ಬೂಟ್ ಆಗುತ್ತೆ. ರ‍್ಯಾಮ್ 16ಕ್ಕೆ ಏರಿಸ್ಲಾ?

ಶಿವಮೊಗ್ಗ: ಬೇಡ ಮಾರಾಯ್ರೆ. ಅಂಗಡಿಯವ್ರ ಮಾತು ಕೇಳಿ 2,400 ರೂಪಾಯಿ ಸುರಿದು 8 ಜಿಬಿ ಡಿಡಿಆರ್3 ಹಾಕ್ಸಿದೆ. ಅದೇ ಎರರ್. ವಾಪಸ್ ತಗೊಳ್ಳಲ್ಲ ಅಂದ್ರು. ನಂದು ಹಳೇ ಬಯೋಸ್ (ಯುಇಎಫ್‌ಐಗಿಂತ ಮುಂಚಿನದು), ಬೂಟ್‌ಗೆ ಮೆಮ್‌ಡಿಸ್ಕ್ (ಐಎಸ್‌ಒನ ಮೆಮೊರಿಗೆ ಹಾಕಿ ಡಿಸ್ಕ್ ಅಂತ ತೋರಿಸೋದು). ಅದು ಇಡೀ ಐಎಸ್‌ಒನ ಮೆಮೊರಿ ವಿಳಾಸಗಳ 4 ಜಿಬಿ ಗೆರೆಯ ಕೆಳಗೇ, ಒಂದೇ ತುಂಡಾಗಿ ಇಡ್ಬೇಕು. ಪಿಸಿಐ ಸಾಧನಗಳ (ಗ್ರಾಫಿಕ್ಸ್, ನೆಟ್‌ವರ್ಕ್ ಇತ್ಯಾದಿ) ಪಾಲು ಕಳೆದು 3 ಜಿಬಿ ಉಳಿದ್ರೆ ಪುಣ್ಯ. ಗೆರೆಯ ಮೇಲೆ ಎಷ್ಟಿದ್ರೂ ಅದಕ್ಕೆ ಲೆಕ್ಕಕ್ಕಿಲ್ಲ.

ಸಾಗರ: ಮೆಮ್‌ಡಿಸ್ಕ್‌ಗೆ ಉಬುಂಟು ಕೊಟ್ಟಿದ್ದೇ ತಪ್ಪು. ಹಿಡಿಸಿದ್ರೂ ಕರ್ನಲ್ (ಲಿನಕ್ಸ್‌ನ ತಿರುಳು) ಬಂದ್ಮೇಲೆ ಇಂಟ್ 13 (ಬಯೋಸ್‌ನ ಡಿಸ್ಕ್ ಓದೋ ಸೇವೆ) ಕಡೆ ತಿರುಗಿ ನೋಡಲ್ಲ, ಡಿಸ್ಕೇ ಮಾಯ. ನಾನು ಗ್ರಬ್4ಡಾಸ್‌ನವ (ಅದು ಇನ್ನೊಂದು ಬೂಟ್‌ಲೋಡರ್). ಐಎಸ್‌ಒನ ಮೆಮೊರಿಗೆ ಹಾಕಿ ಡಿಸ್ಕ್ ಥರ ತೋರಿಸೋ ‘ಮ್ಯಾಪ್ --ಮೆಮ್’ ಕೊಟ್ರೆ ಎರರ್ 28, ಮೆಮೊರಿಗೆ ಹಿಡಿಸಲ್ಲ. ‘--ಮೆಮ್’ ತೆಗೆದ್ರೆ ಎರರ್ 60, ಫೈಲ್ ಚೂರುಚೂರಾಗಿದೆ ಅಂತ. ಡ್ರೈವ್ ಫಾರ್ಮ್ಯಾಟ್ ಮಾಡಿ ದೊಡ್ಡ ಐಎಸ್‌ಒ ಮೊದಲು ಕಾಪಿ ಮಾಡಿ, ಇಲ್ಲಾ ವಿಂಡೋಸ್‌ನಲ್ಲಿ ಚೂರು ಜೋಡಿಸೋ ಕಾಂಟಿಗ್ ಓಡಿಸಿ. ಫ್ಯಾಟ್32 ಫಾರ್ಮ್ಯಾಟ್‌ನ ಡ್ರೈವ್‌ಗೆ 4 ಜಿಬಿ ಮೀರಿದ ಫೈಲ್ ಹೋಗಲ್ಲ, ಅದು ಗೊತ್ತಿದ್ದದ್ದೇ.

ಶಿವಮೊಗ್ಗ: ಗ್ರಬ್4ಡಾಸ್ ಮ್ಯಾಪೂ ಅದೇ ಇಂಟ್ 13 ಅಲ್ವಾ? ನಿಮ್ಮದಕ್ಕೆ ಕರ್ನಲ್ ಕಣ್ಣು ಬಿಡುತ್ತಾ?

ಸಾಗರ: ಅದಕ್ಕೇ ಬೂಟ್ ಆಗೋ ಉಬುಂಟುಗೆ ಐಎಸ್‌ಒ ಎಲ್ಲಿದೆ ಅಂತ ಹೇಳೋ ‘ಐಎಸ್‌ಒ-ಸ್ಕ್ಯಾನ್/ಫೈಲ್‌ನೇಮ್’ ಕೊಡೋದು ಸ್ವಾಮಿ. ಓದಿ ಬನ್ನಿ.

ಹೊಸನಗರ: ಕೇಳಿದವ್ರದ್ದು ಯುಇಎಫ್‌ಐ, ಗ್ರಬ್ 2. ನೀವಿಬ್ರೂ ಬಯೋಸ್ ಪುರಾಣ ಓದ್ತಿದ್ದೀರಿ. ಲೂಪ್‌ಬ್ಯಾಕ್ ಇಡೀ ಇಮೇಜ್ ಲೋಡ್ ಮಾಡಲ್ಲ, ಬೇಕಾದ ಬ್ಲಾಕ್ ಮಾತ್ರ ಓದುತ್ತೆ. ಆದ್ರೆ ಗ್ರಬ್‌ನಲ್ಲಿ ಟಿಪಿಎಂ (ಭದ್ರತಾ ಚಿಪ್) ಮಾಡ್ಯೂಲ್ ಇದ್ರೆ ತೆರೆದ ಪ್ರತಿ ಫೈಲಿನ ಹ್ಯಾಶ್ (ಫೈಲಿನ ಗುರುತಿನ ಸಂಖ್ಯೆ) ಹಾಕೋಕೆ ಪೂರ್ತಿ ಮೆಮೊರಿಗೆ ಎಳ್ಕೊಳ್ಳುತ್ತೆ. ಸಣ್ಣದು ಪಾಸಾಗಿ ದೊಡ್ಡದು ಸಾಯೋದು ಅದಕ್ಕೇ. ಗ್ರಬ್ ಸೆಟ್ಟಿಂಗ್ ಫೈಲಿನ ಮೆನುಎಂಟ್ರಿಯಲ್ಲಿ ಲೂಪ್‌ಬ್ಯಾಕ್ ಸಾಲಿಗಿಂತ ಮುಂಚೆ ‘ಆರ್‌ಎಂಮಾಡ್ ಟಿಪಿಎಂ’ (rmmod tpm, ಆ ಮಾಡ್ಯೂಲ್ ತೆಗೆಯೋ ಆಜ್ಞೆ) ಹಾಕಿ. ನಂತರ ಹಾಕಿದ್ರೆ ಉಪಯೋಗ ಇಲ್ಲ, ನನ್ನ ಒಂದು ಸಂಜೆ ಹಾಳಾಗಿದ್ದು ಅದಕ್ಕೇ.

ಕೊಪ್ಪ: ನನಗೆ ‘ಮಾಡ್ಯೂಲ್ಸ್=ಡೆಪ್’ (ಈ ಮಷಿನ್ನಿಗೆ ಬೇಕಾದ ಡ್ರೈವರ್ ಮಾತ್ರ ಸೇರಿಸೋದು) ಮಾಡಿ ‘ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು’ ಓಡಿಸಿದ್ಮೇಲೆ ಸರಿಹೋಯ್ತು. ಎನ್‌ವಿಡಿಯಾ ಡ್ರೈವರ್‌ನಿಂದ ಇನಿಟ್‌ಆರ್‌ಡಿ (ಬೂಟ್ ಶುರುವಲ್ಲಿ ಮೆಮೊರಿಗೆ ಬರೋ ಫೈಲ್) ಊದ್ಕೊಂಡಿತ್ತು.

ಹೊಸನಗರ: ಅದು ಇನ್‌ಸ್ಟಾಲ್ ಆದ ಸಿಸ್ಟಮ್ಮಿಗೆ. ಐಎಸ್‌ಒ ಒಳಗಿನ ಇನಿಟ್‌ಆರ್‌ಡಿಗೆ ಕೈ ಹಾಕ್ತೀರಾ? ‘ಡೆಪ್’ ಹಾಕಿದ ಡಿಸ್ಕ್ ಬೇರೆ ಮಷಿನ್ನಿಗೆ ಹಾಕಿದ್ರೆ ಬೂಟೇ ಆಗದೆ ಕೂರಬಹುದು, ಅದನ್ನೂ ಹೇಳಿ.

ಕೊಪ್ಪ: ನಂದು ಆಗಿದೆ, ಅಷ್ಟೇ ಹೇಳಿದ್ದು.

ಭದ್ರಾವತಿ: ಡೌನ್‌ಲೋಡ್ ಸರಿ ಇದ್ಯಾ? ಈ ಮಳೇಲಿ ಕರೆಂಟ್ ಹೋಗಿ ಫೈಲ್ ಅರ್ಧ ಇಳಿದಿರುತ್ತೆ. ‘ಶಾ256ಸಮ್’ ಹಾಕಿ ಸೈಟಿನಲ್ಲಿರೋ ಸಂಖ್ಯೆಗೆ ತಾಳೆ ನೋಡಿ.

ಸಾಗರ: ಫೈಲ್ ಕೆಟ್ಟಿದ್ರೆ ಸಾಮಾನ್ಯವಾಗಿ ಓದೋಕಾಗ್ಲಿಲ್ಲ ಅಂತ ಬೈಯುತ್ತೆ, ಮೆಮೊರಿ ಸಾಲದು ಅನ್ನಲ್ಲ. ಮೂರೂವರೆ ಜಿಬಿ ಮತ್ತೆ ಇಳಿಸೋಕೆ ನೀವು ದುಡ್ಡು ಕೊಡ್ತೀರಾ?

ಶಿವಮೊಗ್ಗ: ಆ ಡಿಡಿಆರ್3 ಯಾರಿಗಾದ್ರೂ ಬೇಕಾ? 1,500.

ಸಾಗರ: 600.