“ಥೈರಾಯ್ಡ್ ಜಾಸ್ತಿ ಆಗೇತಿ” ಅಂದ್ರ ಯಾವುದು ಜಾಸ್ತಿ?

ಪ್ರಶ್ನೆ: ಬೆಳಗಾವಿ, ಗೋಕಾಕ ಕಡೆಯ ರೋಗಿಗಳಿಗೆ ಕನ್ನಡದಲ್ಲಿ ಮಾಹಿತಿ ಹಾಳೆ ಬರೆಯುತ್ತಿದ್ದೇವೆ. ಹೈಪೊ (ಥೈರಾಯ್ಡ್ ಗ್ರಂಥಿಯ ಹಾರ್ಮೋನು ಕಡಿಮೆ), ಹೈಪರ್‌ಗೆ (ಅದು ಹೆಚ್ಚು) ಯಾವ ಪದ ಹಾಕೋಣ? “ಥೈರಾಯ್ಡ್ ಜಾಸ್ತಿ ಆಗೇತಿ” ಎಂಬ ಆಡುಮಾತು ನಡೆದೀತೇ? ಥೈರಾಯ್ಡಿನಿಂದಾಗುವ ಕುತ್ತಿಗೆ ಊತಕ್ಕೆ ಗಂಡಮಾಲೆ ಸರಿಯೇ? ಅಡ್ರಿನಲ್‌ಗೆ ಏನು?

ಉತ್ತರ: ಆ ಆಡುಮಾತನ್ನು ಹಾಗೇ ಬಿಡಬ್ಯಾಡ್ರಿ. ಹಾಗನ್ನುವವರ ವರದಿಯಲ್ಲಿ ಏರಿರುವುದು ಸಾಮಾನ್ಯವಾಗಿ ಟಿಎಸ್‌ಎಚ್. ಅದು ಥೈರಾಯ್ಡಿನ ಹಾರ್ಮೋನಲ್ಲ. ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ತಾಕೀತು. ಥೈರಾಯ್ಡ್ ಸೋತಷ್ಟೂ ತಾಕೀತು ಜೋರಾಗುತ್ತದೆ. ಟಿಎಸ್‌ಎಚ್ 12ಕ್ಕೆ ಏರಿ, ಟಿ4 (ಥೈರಾಯ್ಡಿನ ಸ್ವಂತ ಹಾರ್ಮೋನು) ಕಡಿಮೆ ಎಂದಿದ್ದರೆ ಅದು ಕೊರತೆ, ಜಾಸ್ತಿ ಅಲ್ಲವೇ ಅಲ್ಲ. ಹೈಪೊ, ಹೈಪರ್ ಕಿವಿಗೆ ಒಂದೇ ಥರ ಕೇಳುತ್ತವೆ, ಔಷಧ ಮಾತ್ರ ತದ್ವಿರುದ್ಧ: ಹೈಪೊಗೆ ಲೆವೊಥೈರಾಕ್ಸಿನ್ (ಥೈರಾಕ್ಸಿನ್ ಗುಳಿಗೆ), ಹೈಪರ್‌ಗೆ ಕಾರ್ಬಿಮಜೋಲ್. ಅದಕ್ಕೇ “ಥೈರಾಯ್ಡ್ ಕೊರತೆ”, “ಥೈರಾಯ್ಡ್ ಅತಿ” ಎಂದು ಬರೆಯಿರಿ.

ಗಂಡಮಾಲೆ ಬೇಡ. ಅದು ಕುತ್ತಿಗೆಯ ದುಗ್ಧಗ್ರಂಥಿಗಳು (ಲಿಂಫ್ ಗಂಟುಗಳು) ಸಾಲಾಗಿ ಬಾಯುವುದು, ಹೆಚ್ಚಾಗಿ ಕ್ಷಯದಿಂದ. ಥೈರಾಯ್ಡ್ ಬಾತರೆ ಗಳಗಂಡ. ಮರಾಠಿಯವರೂ ಗಲಗಂಡ ಅನ್ನುವುದರಿಂದ ನಿಮ್ಮ ಕಡೆ ಬೇಗ ಹಿಡಿಯುತ್ತದೆ. ಗಳಗಂಡ ಇದ್ದ ಮಾತ್ರಕ್ಕೆ ಕೊರತೆ ಅಥವಾ ಅತಿ ಇದೆ ಎಂದಲ್ಲ.

ಥೈರಾಕ್ಸಿನ್ ಗುಳಿಗೆ “ಖಾಲಿ ಹೊಟ್ಟಿ”ಗೆ ಎಂಬುದನ್ನೂ ಬಿಡಿಸಿ ಬರೆಯಬೇಕು. ಚಹಾ ಕುಡಿದ ಮೇಲೂ ನಮ್ಮಲ್ಲಿ ಹೊಟ್ಟೆ ಖಾಲಿಯೇ! “ಬರೀ ನೀರಿನೊಂದಿಗೆ, ಚಹಾ-ನಾಷ್ಟಾಕ್ಕಿಂತ ಅರ್ಧದಿಂದ ಒಂದು ತಾಸು ಮೊದಲು, ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗೆ 4 ತಾಸು ಅಂತರ” ಎಂದಿರಲಿ. ಇವು ಥೈರಾಕ್ಸಿನ್ನನ್ನು ಕರುಳಲ್ಲೇ ತಡೆಯುತ್ತವೆ. ಡೋಸ್ ಬದಲಾದರೆ 6–8 ವಾರ ಬಿಟ್ಟು ಟಿಎಸ್‌ಎಚ್ ನೋಡಬೇಕು.

ಅಡ್ರಿನಲ್‌ಗೆ ಹಿಂದಿಯ ಅಧಿವೃಕ್ಕ ಯಾರಿಗೂ ತಿಳಿಯದು. “ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ” ಸಾಕು, ಆದರೆ ಕಿಡ್ನಿ ರೋಗವಲ್ಲ ಎಂದು ಮುಂದೆಯೇ ಸೇರಿಸಿ. 1855ರಲ್ಲಿ ಥಾಮಸ್ ಅಡಿಸನ್ ವಿವರಿಸಿದ ಅಡ್ರಿನಲ್ ಕೊರತೆಯಲ್ಲಿ ಸುಸ್ತು, ಎದ್ದರೆ ತಲೆಸುತ್ತು, ಉಪ್ಪಿನ ಚಪಲ, ಅಂಗೈ ಗೆರೆ ಮತ್ತು ವಸಡು ಕಪ್ಪಾಗುವುದು ಕಾಣುತ್ತವೆ. ಬರೀ ಸುಸ್ತು ನೋಡಿ ಜನ ಇದನ್ನೂ “ಥೈರಾಯ್ಡ್” ಅಂದುಬಿಡುತ್ತಾರೆ. ಅಲ್ಲೇ ಅಪಾಯ: ಥೈರಾಯ್ಡ್, ಅಡ್ರಿನಲ್ ಎರಡೂ ಕೊರತೆ ಇದ್ದವರಿಗೆ ಥೈರಾಕ್ಸಿನ್ ಮೊದಲು ಕೊಟ್ಟರೆ ಇದ್ದಷ್ಟು ಕಾರ್ಟಿಸಾಲ್ (ಅಡ್ರಿನಲ್‌ನ ಸ್ಟೆರಾಯ್ಡ್ ಹಾರ್ಮೋನು) ಬೇಗ ಖರ್ಚಾಗಿ ರಕ್ತದೊತ್ತಡ ಕುಸಿಯಬಹುದು. ಹಾಳೆಯಲ್ಲಿ ಈ ಸಾಲನ್ನು ದಪ್ಪಕ್ಷರದಲ್ಲಿ ಹಾಕಿ: “ಎರಡೂ ಕೊರತೆ ಇದ್ದರೆ ಮೊದಲು ಸ್ಟೆರಾಯ್ಡ್, ಆಮೇಲೆ ಥೈರಾಕ್ಸಿನ್. ಸ್ಟೆರಾಯ್ಡನ್ನು ಒಮ್ಮೆಲೇ ನಿಲ್ಲಿಸಬಾರದು.”