ಊರಿನಲ್ಲಿದ್ದುಕೊಂಡೇ, ಜಾಲದಲ್ಲಿ ಕಳೆಯುವ ಹೊತ್ತಿನಿಂದ ಕೆಲಸದ ಅವಕಾಶ ಒದಗುವುದು ಹೇಗೆ?

ಪ್ರಶ್ನೆ: ಬದಿಯಡ್ಕದಿಂದ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬಳಿಯವನು. ಮಂಗಳೂರಿನ ಕಂಪೆನಿಯೊಂದರಲ್ಲಿ ಸಾಫ್ಟ್‌ವೇರ್ ಡೆವಲಪರ್ ಆಗಿದ್ದು, ವಾರದ ಹೆಚ್ಚಿನ ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಬೆಳಗ್ಗೆ ತಂತ್ರಜ್ಞಾನದ ಸುದ್ದಿ, ಚರ್ಚೆಗಳ ತಾಣವಾದ ಹ್ಯಾಕರ್ ನ್ಯೂಸ್ ಮೇಲೆ ಕಣ್ಣಾಡಿಸುವುದು, ಕೆಲಸದ ನಡುವೆ ಎಲ್ಲಾದರೂ ಸಿಕ್ಕಿಬಿದ್ದಾಗ ಪ್ರೋಗ್ರಾಮಿಂಗ್ ಪ್ರಶ್ನೋತ್ತರಗಳ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಹುಡುಕುವುದು, ರಾತ್ರಿ ಊಟ ಮುಗಿಸಿ, ತಂತ್ರಾಂಶಗಳ ಕೋಡ್ ಇರಿಸುವ ತಾಣವಾದ ಗಿಟ್‌ಹಬ್‌ನಲ್ಲಿ ಇಷ್ಟವಾದ ಯೋಜನೆಗಳ ಕೋಡ್ ಓದುವುದು ಹಲವು ವರ್ಷಗಳಿಂದ ರೂಢಿಯಾಗಿದೆ. ಹೀಗೆ ಓದುತ್ತಾ ಇದ್ದವರಿಗೆ ಎಣಿಸದ ಕಡೆಯಿಂದ ಒಳ್ಳೆಯ ಕೆಲಸ ಒದಗಿದ್ದನ್ನು ಕೇಳಿದ್ದೇನೆ. ನನಗೆ ಬರುವುದು ಮಾತ್ರ ಗುರುತು ಪರಿಚಯವಿಲ್ಲದ ನೇಮಕಾತಿ ಏಜೆಂಟರ ಸಂದೇಶಗಳು. ತಂದೆಯವರಿಗೆ ವಯಸ್ಸಾಗಿದ್ದು ಅಡಿಕೆ ತೋಟವನ್ನೂ ನೋಡಿಕೊಳ್ಳಬೇಕಾಗಿರುವುದರಿಂದ ಬೆಂಗಳೂರಿಗೆ ಹೋಗುವ ಯೋಚನೆ ಇಲ್ಲ. ನನ್ನ ಈ ರೂಢಿಯಲ್ಲಿ ಏನು ಬದಲಾಗಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸುವಿರಾ?

ಉತ್ತರ: ಕುಂಬಳೆಯಿಂದ

ನಿಮ್ಮ ದಿನಚರಿಯಲ್ಲಿ ಓದು ಧಾರಾಳವಾಗಿದೆ. ಆದರೆ ನೀವು ಓದಿದಿರಿ, ಅರ್ಥಮಾಡಿಕೊಂಡಿರಿ ಎಂಬುದಕ್ಕೆ ಹೊರಗಿನವರ ಕಣ್ಣಿಗೆ ಬೀಳುವ ಕುರುಹು ಒಂದೂ ಇಲ್ಲ. ರಾತ್ರಿ ಕೋಡ್ ಓದುವಾಗ ಎಲ್ಲಿಯಾದರೂ ತಪ್ಪು ಕಂಡರೆ ಅಥವಾ ದಾಖಲೆಯಲ್ಲಿ ಬರೆದದ್ದಕ್ಕೂ ಕೋಡ್ ನಡೆದುಕೊಳ್ಳುವ ರೀತಿಗೂ ತಾಳೆಯಾಗದಿದ್ದರೆ, ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಮಲಗಬೇಡಿ, ಆ ಯೋಜನೆ ನಡೆಸುವವರಿಗೆ ವರದಿ ಮಾಡಿ. ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಮ್, ನೀವು ನಿರೀಕ್ಷಿಸಿದ್ದೇನು, ಆದದ್ದೇನು ಎಂಬುದನ್ನು ಬರೆದು, ಆ ದೋಷವನ್ನು ಮರಳಿ ತೋರಿಸಬಲ್ಲ ಅತಿ ಚಿಕ್ಕ ಕೋಡ್ ತುಣುಕನ್ನು ಜೊತೆಗಿಡಿ. ಇಷ್ಟನ್ನು ಅಚ್ಚುಕಟ್ಟಾಗಿ ಬರೆಯುವವರು ಕಡಿಮೆ. ಆದುದರಿಂದ ಯೋಜನೆ ನಡೆಸುವವರು ಅಂಥವರನ್ನು ನೆನಪಿಟ್ಟುಕೊಳ್ಳುತ್ತಾರೆ. ನನಗೆ ಈಗಿನ ಕೆಲಸ ದೊರೆತದ್ದು ಇಂಥ ವರದಿಯೊಂದರ ಕೆಳಗೆ ನಡೆದ ಚರ್ಚೆಯಿಂದಲೇ. ಪ್ರತ್ಯೇಕ ಅರ್ಜಿಯನ್ನು ಯಾರೂ ಕೇಳಲಿಲ್ಲ.

ಹ್ಯಾಕರ್ ನ್ಯೂಸ್ ನೋಡುತ್ತೀರಾದರೆ, ಪ್ರತಿ ತಿಂಗಳ ಮೊದಲ ಕೆಲಸದ ದಿನ ಅಲ್ಲಿ ಪ್ರಕಟವಾಗುವ ನೇಮಕಾತಿ ಪಟ್ಟಿಯನ್ನು ಬಿಡಬೇಡಿ. ಅದರಲ್ಲಿ ರಿಮೋಟ್ ಎಂದು ಬರೆದಿದ್ದರೂ ಹಲವು ಹುದ್ದೆಗಳು ಅಮೆರಿಕದಲ್ಲಿರುವವರಿಗೆ ಮಾತ್ರ ಮೀಸಲಾಗಿರುತ್ತವೆ; ಪೂರ್ತಿ ಓದಿದ ಬಳಿಕವೇ ಬರೆಯಿರಿ. ನಮ್ಮ ಕಡೆಯವರಿಗೆ ಯುರೋಪಿನ ತಂಡಗಳು ಹೆಚ್ಚು ಅನುಕೂಲ. ಬರ್ಲಿನ್‌ನಲ್ಲಿ ಬೆಳಗ್ಗೆ 9 ಗಂಟೆಯಾದಾಗ ಇಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ 1.30, ಬೇಸಿಗೆಯಲ್ಲಿ 12.30 ಆಗಿರುತ್ತದೆ. ಬೆಳಗಿನ ಹೊತ್ತು ತೋಟಕ್ಕೆ ಉಳಿಯುತ್ತದೆ. 2005ರಲ್ಲಿ ಆರಂಭವಾದ ಗೂಗಲ್ ಸಮ್ಮರ್ ಆಫ್ ಕೋಡ್ ಎಂಬ, ಮಾರ್ಗದರ್ಶನದೊಂದಿಗೆ ಕೋಡ್ ಬರೆಯಿಸುವ ಕಾರ್ಯಕ್ರಮವು 2022ರಿಂದ ವಿದ್ಯಾರ್ಥಿಗಳಲ್ಲದವರಿಗೂ ತೆರೆದಿದೆ. ಮುಕ್ತ ತಂತ್ರಾಂಶಕ್ಕೆ (ಕೋಡನ್ನು ಯಾರೂ ನೋಡಿ ತಿದ್ದಬಹುದಾದ ತಂತ್ರಾಂಶ) ಹೊಸಬರಾಗಿದ್ದರೆ ಅದನ್ನೂ ಗಮನಿಸಬಹುದು.

ಉತ್ತರ: ಮಂಜೇಶ್ವರದಿಂದ

ಕುಂಬಳೆಯವರು ಹೇಳಿದ್ದು ಸರಿ. ಅದಕ್ಕೆ ನನ್ನದೊಂದು ಅನುಭವವನ್ನು ಸೇರಿಸುತ್ತೇನೆ, ಏಕೆಂದರೆ ಗಡಿನಾಡಿನ ನಮಗೆ ಇರುವ ಒಂದು ಅನುಕೂಲವನ್ನು ನಾವೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಾನು ಬಳಸುತ್ತಿದ್ದ ಮುಕ್ತ ತಂತ್ರಾಂಶವೊಂದರಲ್ಲಿ 'ರ‍್ಯಾಂಕ್' ಎಂಬ ಪದವನ್ನು ಹುಡುಕಿದರೆ, ಕಣ್ಣೆದುರಿಗೇ ಇದ್ದ ಪದ ಸಿಗುತ್ತಿರಲಿಲ್ಲ. ಅಕ್ಷರಗಳ ಸಂಕೇತಗಳನ್ನು ಒಂದೊಂದಾಗಿ ತೆರೆದು ನೋಡಿದಾಗ ಕಾರಣ ತಿಳಿಯಿತು. ರಕಾರವು ಅರ್ಕಾವತ್ತಾಗದೆ ಪೂರ್ಣವಾಗಿ ಉಳಿಯಬೇಕಾದರೆ ಅಲ್ಲಿ ಜೀರೋ ವಿಡ್ತ್ ಜಾಯ್ನರ್ ಎಂಬ, ಕಣ್ಣಿಗೆ ಕಾಣದ ಒಂದು ಸಂಕೇತ ಇರಬೇಕು. ಈಗಿನ ಪಠ್ಯಗಳಲ್ಲಿ ಅದು ಅಕ್ಷರದ ಸ್ವರವನ್ನು ತೆಗೆಯುವ ಹಲಂತ ಚಿಹ್ನೆಗಿಂತ ಮೊದಲು ಬರುತ್ತದೆ, ಕೆಲವು ಹಳೆಯ ಪಠ್ಯಗಳಲ್ಲಿ ನಂತರ ಬರುತ್ತದೆ. ತೆರೆಯ ಮೇಲೆ ಎರಡೂ ಒಂದೇ ರೀತಿ ಮೂಡಬಹುದು, ಆದರೆ ಹುಡುಕುವ ಯಂತ್ರದ ಮಟ್ಟಿಗೆ ಅವು ಎರಡು ಬೇರೆ ಬೇರೆ ಪದಗಳು. ಇದನ್ನು ವಿವರಿಸಿ, ಎರಡೂ ಬಗೆಯ ಪದಗಳನ್ನು ಪರೀಕ್ಷೆಗಾಗಿ ಸೇರಿಸಿ ವರದಿ ಕಳುಹಿಸಿದೆ.

ಹುಡುಕುವಾಗ ಆ ಸಂಕೇತವನ್ನು ಎಲ್ಲ ಭಾರತೀಯ ಲಿಪಿಗಳಲ್ಲೂ ಕೈಬಿಟ್ಟರೆ ಆಗಬಹುದೇ ಎಂದು ಯೋಜನೆಯವರು ಕೇಳಿದರು. ಮಲಯಾಳದಲ್ಲಿ ಹಾಗೆ ಮಾಡಲಾಗದು ಎಂದು ನಾನು ಉತ್ತರಿಸಿದೆ. ಅಲ್ಲಿ ಸ್ವರವಿಲ್ಲದ ವ್ಯಂಜನವನ್ನು ಬರೆಯುವ ಚಿಲ್ಲು ಅಕ್ಷರಗಳಿಗೆ, ಕಂಪ್ಯೂಟರಿನ ಅಕ್ಷರ ಸಂಕೇತಗಳ ಮಾನಕವಾದ ಯೂನಿಕೋಡ್‌ನ 2008ರ 5.1ನೇ ಆವೃತ್ತಿಯಲ್ಲಿ ಸ್ವಂತ ಸಂಕೇತಗಳು ದೊರೆತವು. ಅದಕ್ಕಿಂತ ಹಿಂದಿನ ಪಠ್ಯಗಳಲ್ಲಿ ಅವು ಇದೇ ಜಾಯ್ನರ್‌ನ ಬಲದಿಂದ ನಿಂತಿವೆ. ಆದುದರಿಂದ ಮೊದಲು ಅವನ್ನು ಹೊಸ ಸಂಕೇತಗಳಿಗೆ ಬದಲಿಸಿ, ಬಳಿಕ ಹೋಲಿಸಬೇಕಾಗುತ್ತದೆ. ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಮನೆಯಲ್ಲಿ ತುಳು ಎಂದು ಬೆಳೆದ ನಮಗೆ ಇದು ವಿಶೇಷವೆಂದು ತೋರುವುದಿಲ್ಲ, ಆದರೆ ಎರಡೂ ಲಿಪಿಗಳನ್ನು ಓದಬಲ್ಲ ಡೆವಲಪರ್ ಅವರಿಗೆ ಅದುವರೆಗೆ ಸಿಕ್ಕಿರಲಿಲ್ಲ. ಆ ಕೆಲಸವನ್ನು ಸಂಭಾವನೆ ಕೊಟ್ಟು ನನಗೇ ವಹಿಸಿದರು, ಅದರ ಬೆನ್ನಿಗೆ ಇನ್ನೊಂದು ತಂಡದಿಂದಲೂ ಕರೆ ಬಂತು. ನಿಮಗೆ ದಿನವೂ ಕಾಣುವ ಕನ್ನಡದ ತೊಡಕುಗಳಿಂದಲೇ ಆರಂಭಿಸಿ ಎಂಬುದು ನನ್ನ ಸಲಹೆ.

ಪ್ರಶ್ನಿಸಿದವರು: ಬದಿಯಡ್ಕದಿಂದ

ಇಬ್ಬರಿಗೂ ಧನ್ಯವಾದಗಳು. ಮಂಜೇಶ್ವರದ ಅಕ್ಕ, ನಾನು ಬಳಸುವ ಎಡಿಟರ್‌ನಲ್ಲಿ ಒತ್ತಕ್ಷರವನ್ನು ಅಳಿಸಹೊರಟರೆ ಕರ್ಸರ್ ಎಲ್ಲೆಲ್ಲೋ ನಿಲ್ಲುತ್ತದೆ. ಅದನ್ನೇ ಮೊದಲು ವರದಿ ಮಾಡುತ್ತೇನೆ. ಇನ್ನೊಂದು ವಿಚಾರ: ಮೊನ್ನೆ ಬಂದ ಸಂದೇಶವೊಂದರಲ್ಲಿ, ಒಂದು ರೆಪೊಸಿಟರಿಯನ್ನು (ಕೋಡ್ ಸಂಗ್ರಹವನ್ನು) ಇಳಿಸಿಕೊಂಡು ಚಲಾಯಿಸಿ, ಅದರಲ್ಲಿರುವ ದೋಷವನ್ನು ಸರಿಪಡಿಸುವುದೇ ಸಂದರ್ಶನದ ಮೊದಲ ಹಂತ ಎಂದಿದ್ದಾರೆ. ಮುಂದುವರಿಯಬಹುದೇ?

ಉತ್ತರ: ಉಪ್ಪಳದಿಂದ

ದಯವಿಟ್ಟು ಅದನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಚಲಾಯಿಸಬೇಡಿ. ಸುಳ್ಳು ಸಂದರ್ಶನದ ಹೆಸರಿನಲ್ಲಿ ಡೆವಲಪರ್‌ಗಳ ಪಾಸ್‌ವರ್ಡ್ ಮತ್ತು ಖಾತೆ ತೆರೆಯುವ ಡಿಜಿಟಲ್ ಕೀಲಿಗಳನ್ನು ಕದಿಯುವವರು ಅನುಸರಿಸುವ ದಾರಿ ಇದೇ. ಎನ್‌ಪಿಎಂ ಪ್ಯಾಕೇಜುಗಳನ್ನು (ಸಿದ್ಧ ಜಾವಾಸ್ಕ್ರಿಪ್ಟ್ ಕೋಡ್ ಕಟ್ಟುಗಳನ್ನು) ಇನ್‌ಸ್ಟಾಲ್ ಮಾಡುವಾಗಲೇ ಸ್ಕ್ರಿಪ್ಟ್‌ಗಳು ತಾವಾಗಿ ಓಡಬಲ್ಲವು, ಆದುದರಿಂದ ಕೋಡನ್ನು ತೆರೆದು ನೋಡುವ ಮುನ್ನವೇ ಹಾನಿಯಾಗಿರುತ್ತದೆ. ಕಳುಹಿಸಿದವರು ಯಾರೆಂಬುದನ್ನು ಕಂಪೆನಿಯ ಅಧಿಕೃತ ತಾಣದಲ್ಲಿರುವ ವಿಳಾಸಕ್ಕೆ ಬರೆದು ಖಚಿತಪಡಿಸಿಕೊಳ್ಳಿ. ಆಮೇಲೂ ಚಲಾಯಿಸಲೇಬೇಕಾದರೆ, ನಿಮ್ಮ ಯಾವ ಖಾತೆಯೂ ತೆರೆದಿರದ, ಕಂಪ್ಯೂಟರಿನೊಳಗೇ ಬೇರೆಯಾಗಿ ನಡೆಯುವ ವರ್ಚುವಲ್ ಮೆಷೀನ್‌ನಲ್ಲಿ ಮಾತ್ರ ಚಲಾಯಿಸಿ. ನೋಂದಣಿ ಶುಲ್ಕ, ಠೇವಣಿ ಎಂದು ಹಣ ಕೇಳಿದವರೊಂದಿಗೆ ಅಲ್ಲಿಗೇ ಮಾತು ನಿಲ್ಲಿಸಿ. ಹಣ ಹೋದದ್ದೇ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಬೇಕು.

ಹೊರಗಿನ ಯೋಜನೆಗಳಿಗೆ ಕೋಡ್ ಬರೆಯುವ ಮುನ್ನ ಈಗಿನ ಕಂಪೆನಿಯೊಂದಿಗೆ ನೀವು ಸಹಿ ಮಾಡಿರುವ ಒಪ್ಪಂದವನ್ನು ಒಮ್ಮೆ ಪೂರ್ತಿಯಾಗಿ ಓದಿ. ಬಿಡುವಿನ ವೇಳೆಯಲ್ಲಿ ಬರೆದ ಕೋಡ್‌ನ ಹಕ್ಕು ಯಾರದ್ದು, ಸಂಭಾವನೆ ಪಡೆದು ಬೇರೆಯವರಿಗೆ ಕೆಲಸ ಮಾಡಬಹುದೇ ಎಂಬ ಎರಡು ಅಂಶಗಳು ಅದರಲ್ಲಿ ಸ್ಪಷ್ಟವಾಗಿಲ್ಲದಿದ್ದರೆ ಮೇಲಧಿಕಾರಿಯಿಂದ ಇಮೇಲ್‌ನಲ್ಲೇ ಒಪ್ಪಿಗೆ ಪಡೆಯಿರಿ. ಕಂಪೆನಿಯ ಲ್ಯಾಪ್‌ಟಾಪನ್ನು ಇದಕ್ಕೆ ಬಳಸಲೇಬೇಡಿ.