ಸಹಾಯ ಬೇಕು: ಬ್ಲಾಗರ್‌ನಿಂದ ವರ್ಡ್‌ಪ್ರೆಸ್‌ಗೆ ಫೋಟೋಗಳನ್ನು ತರುವುದು ಹೇಗೆ?

ನಮಸ್ಕಾರ. 2009ರಿಂದ ಗೂಗಲ್‌ನ ಬ್ಲಾಗ್ ಸೇವೆಯಾದ ಬ್ಲಾಗರ್‌ನಲ್ಲಿ ಮಲೆನಾಡಿನ ಅಡುಗೆ ಬಗ್ಗೆ ಬರೆಯುತ್ತಿದ್ದೇನೆ. ಸುಮಾರು 380 ಬರಹ, ಒಂದೂವರೆ ಸಾವಿರ ಫೋಟೋ. ಅದರಲ್ಲಿ ಕಾಲು ಭಾಗ ಬರೀ ಪತ್ರೊಡೆಯದ್ದೇ ಇರಬೇಕು. ಈಗ ಸ್ವಂತ ಡೊಮೈನ್ (ಸೈಟಿನ ವಿಳಾಸ) ತೆಗೆದುಕೊಂಡು ಎಲ್ಲವನ್ನೂ ವರ್ಡ್‌ಪ್ರೆಸ್‌ಗೆ (ಸೈಟ್ ಕಟ್ಟುವ ತಂತ್ರಾಂಶ) ಸಾಗಿಸಲು ಹೊರಟಿದ್ದೇನೆ.

ಬ್ಯಾಕಪ್ ಮಾಡಿದಾಗ ಒಂದು ಎಕ್ಸ್‌ಎಂಎಲ್ ಫೈಲ್ (ಇಡೀ ಬ್ಲಾಗನ್ನು ಪಠ್ಯವಾಗಿ ಇಟ್ಟುಕೊಂಡ ಕಡತ) ಸಿಕ್ಕಿತು. ಬರಹ, ಕಾಮೆಂಟು ಎಲ್ಲ ಇವೆ. ಫೋಟೋ ಇಲ್ಲ, ಅವುಗಳ ವಿಳಾಸ ಮಾತ್ರ ಇದೆ. ಹಾಗಾಗಿ ಹೊಸ ಸೈಟಿನಲ್ಲಿ ಫೋಟೋ ಕಂಡರೂ ಅವು ಬರುತ್ತಿರುವುದು ಗೂಗಲ್ ಸರ್ವರ್‌ನಿಂದಲೇ. ನಾಳೆ ಹಳೆಯದನ್ನು ಅಳಿಸಿದರೆ ಗತಿ ಏನು?

ವರ್ಡ್‌ಪ್ರೆಸ್‌ಗೆ ಫೋಟೋ ಇಳಿಸುವ ಒಂದು ಪ್ಲಗಿನ್ (ಹೆಚ್ಚುವರಿ ಸಲಕರಣೆ) ಹಾಕಿ ನೋಡಿದೆ. ಫೋಟೋಗಳು ಇಳಿದವು, ಆದರೆ ಅಂಚೆ ಚೀಟಿಯಷ್ಟು! ಫೋಟೋದ ವಿಳಾಸದಲ್ಲಿ ಅಳತೆ ಸೂಚಿಸುವ ಎಸ್320 ಅಂತ ಇರುವುದನ್ನು ಎಸ್1600 ಮಾಡಿದರೆ ದೊಡ್ಡ ಫೋಟೋ ಸಿಗುತ್ತದೆ. ಆದರೆ ಒಂದೂವರೆ ಸಾವಿರ ಸಲ ಕೈಯಲ್ಲಿ ತಿದ್ದೋಕೆ ಆಗಲ್ಲ ಅಲ್ವಾ? ಆಮದು ಮಾಡುವ ಮೊದಲೇ ಎಕ್ಸ್‌ಎಂಎಲ್ ಫೈಲಿನಲ್ಲಿ ಒಟ್ಟಿಗೆ ಬದಲಿಸಿದರೆ ಏನಾದರೂ ಕೆಡುತ್ತದಾ?

ಇನ್ನೊಂದು ವಿಷಯ, ಕೊಂಡಿಗಳದ್ದು. ನನ್ನ ಶೀರ್ಷಿಕೆಗಳೆಲ್ಲ ಕನ್ನಡದಲ್ಲಿವೆ. ಹಳೆ ಕೊಂಡಿಗಳು ಬ್ಲಾಗ್-ಪೋಸ್ಟ್_23 ಎಂಬ ಥರ ಇವೆ. ವರ್ಡ್‌ಪ್ರೆಸ್‌ನಲ್ಲಿ ಕನ್ನಡದ್ದೇ ಕೊಂಡಿ ಬರುತ್ತದೆ. ಆದರೆ ಅದನ್ನು ವಾಟ್ಸಾಪ್‌ಗೆ ಅಂಟಿಸಿದರೆ ಶೇಕಡಾ ಚಿಹ್ನೆಗಳ ಮಾರುದ್ದದ ಸಾಲು. ಶೀರ್ಷಿಕೆ ಕನ್ನಡದಲ್ಲಿಟ್ಟು ಕೊಂಡಿಗೆ ಮಾತ್ರ ಇಂಗ್ಲಿಷ್ ಅಕ್ಷರ ಬಳಸುವುದು ವಾಸಿಯಾ? ಹಳೆಯದು ಬ್ಲಾಗರ್ ಕೊಟ್ಟ ಬ್ಲಾಗ್‌ಸ್ಪಾಟ್ ವಿಳಾಸ, ಸರ್ವರ್ ನಮ್ಮ ಕೈಯಲ್ಲಿಲ್ಲ. ಅಲ್ಲಿಗೆ ಬಂದವರನ್ನು ಹೊಸ ಸೈಟಿನ ಅದೇ ಬರಹಕ್ಕೆ ಕಳಿಸುವುದು ಹೇಗೆ?

ಕೋಡಿಂಗ್ ನನಗೆ ಬರುವುದಿಲ್ಲ. ಆದರೆ ಹಂತ ಹಂತವಾಗಿ ಹೇಳಿದರೆ ಮಾಡುತ್ತೇನೆ. ಅಲ್ಲಿಯವರೆಗೆ ಹಳೆಯದನ್ನು ಮುಟ್ಟುವುದಿಲ್ಲ.